ಆಟ ಊರಿಗೆ ಏನು ಕೊಡುತ್ತದೆ? ಸಮುದಾಯದ ಬದುಕಿನಲ್ಲಿ ಕಲೆಯ ಪಾತ್ರ: ಒಂದು ಸಮೀಕ್ಷೆ

ಮಂಡ್ಯ, ತುಮಕೂರು, ಹಾಸನ ಸೀಮೆಯ ಹಳ್ಳಿಗಳಲ್ಲಿ ಊರವರೇ ಸೇರಿ ‘ಕುರುಕ್ಷೇತ್ರ’ ಆಡುವಾಗ ಪಾತ್ರಧಾರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ಪಾತ್ರಕ್ಕೆ ಅವನೇ ಹಣ ಕಟ್ಟುತ್ತಾನೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಡ್ರಾಮಾ ಸೀನರಿಯ ಬಾಡಿಗೆ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಮೈಕು, ಲೈಟು, ಹ್ಯಾಂಡ್‌ಬಿಲ್ಲು ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ಹೊಲದ ಕೆಲಸ ಮುಗಿಸಿ ಬಂದವರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ, ಕಂದಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ, ಒಂದು ರಾತ್ರಿ ಆಡುತ್ತಾರೆ. ಬೆಳಗಾಗುವ ಹೊತ್ತಿಗೆ ಸೀನರಿ ಬಿಚ್ಚಿ ಲಾರಿಗೆ ಏರಿರುತ್ತದೆ.

ಲಾಭದ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಆದರೂ ತಲೆಮಾರುಗಳಿಂದ ನಡೆದುಬಂದಿದೆ. ಹಾಗಾದರೆ ಊರಿಗೆ ಇದರಿಂದ ಸಿಗುವುದೇನು? ಸಮಾಜಶಾಸ್ತ್ರಜ್ಞರು ‘ಒಗ್ಗಟ್ಟು’ ಎಂದಿದ್ದಾರೆ. ದಲಿತ ಚಿಂತಕರು ‘ಯಾರ ಒಗ್ಗಟ್ಟು?’ ಎಂದು ತಿರುಗಿ ಕೇಳಿದ್ದಾರೆ. ಚಳವಳಿಯ ರಂಗಕರ್ಮಿಗಳಿಗೆ ಕಲೆ ಜನರನ್ನು ಎಚ್ಚರಿಸುವ ಸಾಧನ. ಹೆಗ್ಗೋಡಿನಂಥ ಕಡೆ ಅದು ಊರು ತನ್ನ ಬಗ್ಗೆ ತಾನೇ ಯೋಚಿಸಲು ಕಲಿಯುವ ದಾರಿ. ಸರಕಾರಕ್ಕೆ ಪ್ರವಾಸೋದ್ಯಮ, ಅಸ್ಮಿತೆ, ಉದ್ಯೋಗ ಎಲ್ಲವೂ ಹೌದು. ಈ ಉತ್ತರಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಮುಖ್ಯವಾಗಿ ಕರ್ನಾಟಕದ ಅನುಭವವನ್ನು ಮುಂದಿಟ್ಟುಕೊಂಡು ಇಲ್ಲಿ ನೋಡಲಾಗಿದೆ.

ಉಂಬಳಿಯಿಂದ ಟಿಕೆಟಿಗೆ, ಟಿಕೆಟಿನಿಂದ ಅನುದಾನಕ್ಕೆ

9ನೇ ಶತಮಾನದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಹೊಗಳಿತ್ತು. ಕಲೆ ಎಲ್ಲರ ಸೊತ್ತು ಎಂಬ ಮಾತು ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಅದನ್ನು ನಡೆಸುವ ವ್ಯವಸ್ಥೆ ಎಲ್ಲರ ಕೈಯಲ್ಲಿ ಇರಲಿಲ್ಲ. ದೇವಸ್ಥಾನ, ಅರಮನೆ, ಊರಗೌಡರು ವಾದ್ಯದವರಿಗೂ ನರ್ತಕಿಯರಿಗೂ ಉಂಬಳಿ ಕೊಟ್ಟು ಸಾಕಿದರು. ಉಂಬಳಿಯ ಜತೆಗೆ ಕರ್ತವ್ಯವೂ ಅಂಟಿಕೊಂಡು ಬಂತು. ಕೊಟ್ಟ ಭೂಮಿಗೆ ಪ್ರತಿಯಾಗಿ ಇಂಥ ದಿನ, ಇಂಥವರ ಬಾಗಿಲಲ್ಲಿ ಬಾರಿಸಲೇಬೇಕು, ಕುಣಿಯಲೇಬೇಕು. ಕಲೆಯ ಮೂಲಕ ಸಿಗುವ ಗೌರವ ಮತ್ತು ಕಲೆಯ ಹೆಸರಲ್ಲಿ ಹೇರಿದ ಚಾಕರಿ ಎರಡೂ ಒಂದೇ ತಾಮ್ರಪಟದಲ್ಲಿ ಇದ್ದವು. ಮುಂದಿನ ವಾದಗಳ ಬೇರು ಇಲ್ಲಿದೆ.

19ನೇ ಶತಮಾನದ ಕೊನೆಯಲ್ಲಿ ಇನ್ನೊಂದು ಬಗೆಯ ಏರ್ಪಾಡು ಹುಟ್ಟಿತು. ಗದಗಿನಲ್ಲಿ ಕನ್ನಡದ ಜನ ಮರಾಠಿ ನಾಟಕಗಳಿಗೆ ಮುಗಿಬೀಳುವುದನ್ನು ಕಂಡು ಸಂಕಟಪಟ್ಟ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ನಾಟಕ ಬರೆದು ಮಂಡಳಿ ಕಟ್ಟಿದರು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಮುಂದೆ ವೀರಣ್ಣನವರ ಕೈಯಲ್ಲಿ ಅದು ರಂಗದ ಮೇಲೆ ಆನೆ ಕುದುರೆ ತರುವಷ್ಟು ಬೆಳೆಯಿತು. ಟಿಕೆಟು ಕೊಂಡ ಯಾರಾದರೂ ಒಳಗೆ ಬರಬಹುದಾದ ಈ ಡೇರೆಗಳು ಸಣ್ಣ ಸಂಗತಿಯಲ್ಲ. ಕುರ್ಚಿ, ಬೆಂಚು, ಚಾಪೆ ಎಂಬ ದರ್ಜೆಗಳಿದ್ದವು, ಆದರೆ ದರ್ಜೆಯನ್ನು ನಿರ್ಧರಿಸುತ್ತಿದ್ದುದು ಕಾಸು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ವೃತ್ತಿ ಕಂಪನಿಗಳು ಬಂದು ತಿಂಗಳ ಮಟ್ಟಿಗೆ ಬೀಡು ಬಿಡುತ್ತವೆ. ಬನದ ಹುಣ್ಣಿಮೆಯ ಆ ದಿನಗಳಲ್ಲಿ ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿನ ಬಸ್ಸಿಗೆ ಊರಿಗೆ ಮರಳುವವರು ಇನ್ನೂ ಇದ್ದಾರೆ.

1893ರಲ್ಲಿ ಪುಣೆಯಲ್ಲಿ ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದ ಮೇಲೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲೂ ಉತ್ಸವ ಸಮಿತಿಗಳು ಬಂದವು. ಚಂದಾ ಎತ್ತುವುದು, ರಸೀದಿ ಕೊಡುವುದು, ಅಧ್ಯಕ್ಷರನ್ನು ಆರಿಸುವುದು ಊರಿಗೆ ರೂಢಿಯಾಯಿತು. ಸ್ವಾತಂತ್ರ್ಯಕ್ಕೆ ಮುಂಚೆಯೇ ಪುತ್ತೂರಿನಲ್ಲಿ ಶಿವರಾಮ ಕಾರಂತರು ದಸರಾವನ್ನು ನಾಡಹಬ್ಬವಾಗಿ ಆಚರಿಸಿ, ಸಾಹಿತ್ಯ ಸಂಗೀತದವರನ್ನು ಸಣ್ಣ ಪಟ್ಟಣಕ್ಕೆ ಕರೆತಂದರು. ಏಕೀಕರಣದ ನಂತರ ಸರಕಾರವೇ ದೊಡ್ಡ ಪೋಷಕನಾಯಿತು. ಅಕಾಡೆಮಿಗಳು, ರವೀಂದ್ರ ಕಲಾಕ್ಷೇತ್ರ, 1989ರಲ್ಲಿ ಬಿ.ವಿ. ಕಾರಂತರ ಮುಂದಾಳ್ತನದಲ್ಲಿ ಮೈಸೂರಿನ ರಂಗಾಯಣ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಒಂದೊಂದಾಗಿ ಬಂದವು. ಉಂಬಳಿಯ ಜಾಗಕ್ಕೆ ಅನುದಾನ ಬಂದಿತ್ತು.

ಕೂಡಿಸುವ ಕಲೆ

ಕಲೆ ಸಮುದಾಯವನ್ನು ಕಟ್ಟುತ್ತದೆ ಎಂಬ ವಾದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್. 1912ರ ತನ್ನ ಗ್ರಂಥದಲ್ಲಿ ಅವನು, ಜನ ಒಂದೆಡೆ ಸೇರಿ ಕುಣಿದು ಹಾಡುವಾಗ ಏಳುವ ಆವೇಶದಲ್ಲೇ ಸಮಾಜ ತನ್ನನ್ನು ತಾನು ಕಂಡುಕೊಳ್ಳುತ್ತದೆ ಎಂದ. ಈ ದೃಷ್ಟಿಯನ್ನು ನಮ್ಮ ನೆಲಕ್ಕೆ ತಂದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. ಕೊಡವರ ಬಗ್ಗೆ 1952ರಲ್ಲಿ ಬಂದ ಅವರ ಪುಸ್ತಕ, ಒಕ್ಕ, ಊರು, ನಾಡು ಎಂಬ ಒಂದೊಂದು ವಲಯವನ್ನೂ ಹಬ್ಬ ಮತ್ತು ಆಚರಣೆಗಳು ಹೇಗೆ ಬಿಗಿಯುತ್ತವೆ ಎಂದು ತೋರಿಸಿತು. ಊರ ಹಬ್ಬಕ್ಕೆ ಒಂದೊಂದು ಜಾತಿಯೂ ಬೇಕು. ಮೇದರ ಡೋಲಿಲ್ಲದೆ ಕುಣಿತವಿಲ್ಲ. ಎಲ್ಲರೂ ಬೇಕಾದ್ದರಿಂದ ಊರು ಒಂದಾಗುತ್ತದೆ ಎಂಬುದು ಈ ವಾದದ ತಿರುಳು.

ಇದಕ್ಕೆ ಪುರಾವೆ ನಮ್ಮ ಸುತ್ತಲೇ ಇದೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಂ ಹೊತ್ತಿಗೆ ಅಲಾಯಿ ದೇವರನ್ನು ಕೂರಿಸುತ್ತಾರೆ, ಹೆಜ್ಜೆಮೇಳ ಕಟ್ಟುತ್ತಾರೆ, ರಿವಾಯತ್ ಹಾಡುತ್ತಾರೆ. ಹಸನ್ ಹುಸೇನರ ಕಥೆ ಕನ್ನಡದ ಲಾವಣಿಯ ಧಾಟಿಯಲ್ಲಿ ಲಿಂಗಾಯತರ, ಕುರುಬರ, ದಲಿತರ ಬಾಯಲ್ಲಿ ಬರುತ್ತದೆ. ರಹಮತ್ ತರೀಕೆರೆಯವರಂಥ ವಿದ್ವಾಂಸರು ಊರೂರು ಅಲೆದು ಇದನ್ನು ದಾಖಲಿಸಿದ್ದಾರೆ. ಧರ್ಮದ ಗಡಿಯನ್ನು ಹಾಡು ದಾಟಿರುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

ಕರಾವಳಿಯ ಯಕ್ಷಗಾನದ ಹರಕೆ ಆಟ ಇನ್ನೊಂದು ಬಗೆಯದು. ಕಟೀಲು, ಮಂದಾರ್ತಿ ಮೇಳಗಳ ಆಟ ಆಡಿಸುತ್ತೇನೆಂದು ಹರಕೆ ಹೊತ್ತ ಮನೆಯವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ಸರದಿ ಬಂದಾಗ ಸೇವಾಕರ್ತರು ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ರಂಗಸ್ಥಳ ಹಾಕಿಸಿ, ಊರವರಿಗೆಲ್ಲ ಊಟ ಹಾಕಿ, ಟಿಕೆಟಿಲ್ಲದೆ ಆಟ ತೋರಿಸುತ್ತಾರೆ. ಮುಂಬಯಿ ದುಬೈಗಳಿಂದ ಮಕ್ಕಳು ಆ ದಿನಕ್ಕೆ ಮನೆಗೆ ಬರುತ್ತಾರೆ. 20ನೇ ಶತಮಾನದ ನಡುವಿನಿಂದ ಟಿಕೆಟಿನ ಡೇರೆ ಮೇಳಗಳು ಮೆರೆದವು. ಸುರತ್ಕಲ್ ಮೇಳದಂಥ ಹೆಸರಾಂತವು ಕಾಲಕ್ರಮದಲ್ಲಿ ನಿಂತುಹೋದವು. ಹರಕೆಯ ಮೇಳಗಳಾದರೋ ಉಳಿದವು, ಬೆಳೆದವು. ಬರೀ ಮನರಂಜನೆಗೆ ಮಾರುಕಟ್ಟೆ ಬೇರೆ ಸರಕನ್ನು ಕೊಡಬಲ್ಲದು. ಹರಕೆ ಆಟದಲ್ಲಿರುವ ಸಂಬಂಧದ ಜಾಲಕ್ಕೆ ಟೀವಿಯಾಗಲಿ ಮೊಬೈಲಾಗಲಿ ಬದಲಿ ಆಗಲಿಲ್ಲ.

ಆದರೆ ಈ ವಾದಕ್ಕೆ ಒಂದು ಕುರುಡುತನವಿದೆ. ಊರು ಒಂದಾಗುತ್ತದೆ ಎನ್ನುವಾಗ ಅದು ಊರನ್ನು ದೇವಸ್ಥಾನದ ಜಗಲಿಯ ಮೇಲೆ ನಿಂತು ನೋಡುತ್ತದೆ. ಡೋಲು ಬಾರಿಸುವವನ ಕಡೆಯಿಂದ ನೋಡುವುದಿಲ್ಲ.

ಯಾರ ಹೆಗಲ ಮೇಲೆ ಡೋಲು?

2000ನೇ ಇಸವಿಯಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿ ನಿಷೇಧ ಕಾಯ್ದೆ ತರಬೇಕಾಯಿತು. ಕರಾವಳಿಯ ಕೊರಗ ಸಮುದಾಯದವರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುತ್ತಿದ್ದ ಈ ಪದ್ಧತಿಯಲ್ಲಿ ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವುದರಿಂದ ಹಿಡಿದು ಕಂಬಳ ಮುಂತಾದ ಕಡೆ ಕಡ್ಡಾಯವಾಗಿ ಡೋಲು ಬಾರಿಸುವವರೆಗೆ ಎಲ್ಲವೂ ಸೇರಿತ್ತು. ಕೊರಗರ ಡೋಲು ಮತ್ತು ಕೊಳಲಿನ ನಾದ ಕೇಳಿದವರಿಗೆ ಅದರ ಸೊಗಸು ಗೊತ್ತು. ಆ ಸೊಗಸಿನ ಹಿಂದೆ ಬಾರಿಸದಿದ್ದರೆ ಏನಾಗುತ್ತಿತ್ತು ಎಂಬ ಭಯವೂ ಇತ್ತು. ಅದೇ ರೀತಿ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಹಿಂದೆ, ದೇವರ ಹೆಸರಲ್ಲಿ ಹಾಡಿ ಕುಣಿಯುತ್ತಿದ್ದ ಹೆಂಗಸರ ತಲೆಮಾರುಗಳ ನೋವಿದೆ.

1970ರ ದಶಕದಲ್ಲಿ ಎದ್ದ ದಲಿತ ಸಂಘರ್ಷ ಸಮಿತಿ ಕೇಳಿದ್ದು ನೇರ ಪ್ರಶ್ನೆ. ಊರ ಸಾವಿಗೆ, ಊರ ಜಾತ್ರೆಗೆ ತಮಟೆ ಹೊಡೆಯುವುದು ಕಲೆಯೋ ಬಿಟ್ಟಿ ಚಾಕರಿಯೋ? ಎಷ್ಟೋ ಕೇರಿಗಳಲ್ಲಿ ಹುಡುಗರು ತಮಟೆ ಕೆಳಗಿಟ್ಟರು. ಎಷ್ಟೋ ಕಡೆ ಅದಕ್ಕೆ ಬಹಿಷ್ಕಾರದ ಶಿಕ್ಷೆ ಅನುಭವಿಸಿದರು. ಹಬ್ಬದಲ್ಲಿ ಎಲ್ಲರಿಗೂ ಪಾಲಿದೆ ಎಂಬ ಶ್ರೀನಿವಾಸರ ಚಿತ್ರ ನಿಜವೇ. ಪಾಲನ್ನು ಬೇಡವೆನ್ನುವ ಹಕ್ಕು ಎಲ್ಲರಿಗೂ ಇತ್ತೇ ಎಂದು ಕೇಳಿದ ಕೂಡಲೇ ಆ ಚಿತ್ರ ಬೇರೆಯಾಗಿ ಕಾಣತೊಡಗುತ್ತದೆ.

ತುಳುನಾಡಿನ ದೈವಾರಾಧನೆ ಈ ಚರ್ಚೆಯ ಅತ್ಯಂತ ಕಠಿಣ ಪ್ರಸಂಗ. ನಲಿಕೆ, ಪರವ, ಪಂಬದ ಸಮುದಾಯದವರು ದೈವಕ್ಕೆ ಕಟ್ಟುವ ರಾತ್ರಿ ಗುತ್ತು ಎಂಬ ದೊಡ್ಡ ಮನೆತನದ ಯಜಮಾನ ಅವರೆದುರು ಕೈಮುಗಿದು ನಿಲ್ಲುತ್ತಾನೆ, ತಪ್ಪಿಗೆ ಉತ್ತರ ಕೊಡುತ್ತಾನೆ. ಪಾಡ್ದನಗಳೆಂಬ ತುಳು ಕಥನ ಹಾಡುಗಳಲ್ಲಿ ಅನ್ಯಾಯಕ್ಕೆ ಬಲಿಯಾದವರೇ ದೈವಗಳಾಗಿದ್ದಾರೆ. ಅರಸ ಕೈಕಾಲು ಕಡಿಸಿದ ಶಿಲ್ಪಿ ಕಲ್ಕುಡ, ಕೊರಗ ತನಿಯ, ಕೋಟಿ ಚೆನ್ನಯರು ಎಲ್ಲರೂ ಆ ಸಾಲಿನವರು. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1950ರ ದಶಕದಲ್ಲಿ ಆಫ್ರಿಕದ ಆಚರಣೆಗಳನ್ನು ನೋಡಿ, ಒಂದು ದಿನದ ಈ ಬಗೆಯ ಬಂಡಾಯ ಉಳಿದ ದಿನಗಳ ಅಧಿಕಾರವನ್ನು ಗಟ್ಟಿ ಮಾಡುತ್ತದೆ ಎಂದ. ಮಾರನೆಯ ದಿನ ದೈವನರ್ತಕ ಅದೇ ಯಜಮಾನನ ಅಂಗಳದಲ್ಲಿ ದೂರ ನಿಲ್ಲಬೇಕಾಗಿದ್ದ ಕಾಲವನ್ನು ನೆನೆದರೆ ಗ್ಲಕ್‌ಮನ್‌ನ ಮಾತು ಸರಿ. ಆದರೆ ನ್ಯಾಯ ಹೀಗಿರಬೇಕು ಎಂಬ ನೆನಪನ್ನು ಶತಮಾನಗಳ ಕಾಲ ಬಾಯಿಂದ ಬಾಯಿಗೆ ದಾಟಿಸಿದ್ದು ಆ ಪಾಡ್ದನಗಳೇ ಅಲ್ಲವೇ? ಬಿ.ಎ. ವಿವೇಕ ರೈ, ಅಮೃತ ಸೋಮೇಶ್ವರರಂಥವರ ಸಂಗ್ರಹ ಮತ್ತು ಅಧ್ಯಯನಗಳು ಈ ಎರಡನೆಯ ಮಗ್ಗುಲನ್ನು ನಮಗೆ ಕಾಣಿಸಿದವು.

ವಿಮರ್ಶಕ ಡಿ.ಆರ್. ನಾಗರಾಜ್ ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಕೊಟ್ಟರು. ಅವಮಾನದ ಗುರುತೆಂದು ಹಳೆಯ ಕಲೆ, ದೈವ, ಕಥನಗಳನ್ನೆಲ್ಲ ತೊರೆದರೆ ದಲಿತ ಸಮುದಾಯ ತನ್ನ ಸೃಜನಶೀಲ ನೆನಪನ್ನೂ ಜತೆಗೆ ಕಳೆದುಕೊಳ್ಳುತ್ತದೆ ಎಂಬ ಕಳವಳ ಅವರದು. ಮಂಟೇಸ್ವಾಮಿ, ಮಲೆ ಮಹದೇಶ್ವರರ ಮಹಾಕಾವ್ಯಗಳನ್ನು ಹಾಡುವ ನೀಲಗಾರರ, ದೇವರ ಗುಡ್ಡರ ಪರಂಪರೆಯನ್ನು ನೆನೆದರೆ ಆ ಕಳವಳದ ತೂಕ ತಿಳಿಯುತ್ತದೆ. ತಮಟೆ ಬಿಟ್ಟವರ ಮಕ್ಕಳು ಈಗ ಮತ್ತೆ ತಮಟೆ ಹಿಡಿದಿದ್ದಾರೆ, ಈ ಸಲ ತಮ್ಮ ಇಚ್ಛೆಯಿಂದ, ಮೆರವಣಿಗೆಯ ಮುಂದೆ, ವೇದಿಕೆಯ ನಡುವೆ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅದಕ್ಕೂ ಮುಂಚೆ ಜೋಗತಿ ನೃತ್ಯದ ಕಲಾವಿದೆ ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರ ಸಾಲಿನಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿಯಿಂದ ಜಾತಿ ಅಳಿಯುವುದಿಲ್ಲ. ಆದರೆ ಅದೇ ವಾದ್ಯವನ್ನು ಬೇರೆ ಷರತ್ತಿನ ಮೇಲೆ ಹಿಡಿದಾಗ ಅದು ಮಾಡುವ ಕೆಲಸವೂ ಬೇರೆಯಾಗುತ್ತದೆ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಿದೆ.

ಬೀದಿಗಿಳಿದ ರಂಗ

1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ತನ್ನ ಹೆಸರಿನಲ್ಲೇ ತನ್ನ ನಿಲುವನ್ನು ಹೇಳಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಕಗ್ಗೊಲೆಯನ್ನು ಕುರಿತ ‘ಬೆಲ್ಚಿ’ ಬೀದಿನಾಟಕವನ್ನು ಸಿ.ಜಿ. ಕೃಷ್ಣಸ್ವಾಮಿ ಮತ್ತು ಸಂಗಾತಿಗಳು ರಸ್ತೆ, ಕಾರ್ಖಾನೆಯ ಗೇಟು, ಹಳ್ಳಿಯ ಕಟ್ಟೆಗಳಲ್ಲಿ ಆಡಿದರು. ಪ್ರಸನ್ನ ಮತ್ತಿತರರ ಮುಂದಾಳ್ತನದಲ್ಲಿ ಜಾಥಾಗಳು ರಾಜ್ಯ ಸುತ್ತಿದವು. ಸಿದ್ಧಲಿಂಗಯ್ಯನವರ ಹಾಡುಗಳು ಸಭೆಗಳಲ್ಲಿ ಮೊಳಗಿದವು. 1990ರ ದಶಕದ ಸಾಕ್ಷರತಾ ಆಂದೋಲನ ಇದೇ ಕಲಾಜಾಥಾದ ದಾರಿ ಹಿಡಿದು ಹಳ್ಳಿಗೆ ಹೋಯಿತು.

ಹೊರನಾಡಿನ ಎರಡು ಪ್ರಯೋಗಗಳು ಈ ಪಂಥಕ್ಕೆ ಸೈದ್ಧಾಂತಿಕ ಬೆನ್ನೆಲುಬು. ಬ್ರೆಜಿಲಿನ ಆಗಸ್ಟೊ ಬೋಲ್ ತನ್ನ ರಂಗದಲ್ಲಿ ನೋಡುಗನೇ ನಾಟಕ ನಿಲ್ಲಿಸಿ, ಎದ್ದು ಬಂದು, ಪಾತ್ರವನ್ನು ಬೇರೆ ರೀತಿ ಆಡಿ ತೋರಿಸುವ ಅವಕಾಶ ಕೊಟ್ಟ. ಕೆನ್ಯಾದ ಕಮಿರಿಥು ಎಂಬ ಹಳ್ಳಿಯಲ್ಲಿ 1977ರಲ್ಲಿ ಗೂಗಿ ವಾ ಥಿಯಾಂಗೊ ರೈತರು, ಕೂಲಿಕಾರರೊಂದಿಗೆ ಅವರದೇ ಗಿಕುಯು ಭಾಷೆಯಲ್ಲಿ ನಾಟಕ ಕಟ್ಟಿದ. ಊರವರು ಮಾತುಗಳನ್ನು ತಿದ್ದಿದರು, ಬಯಲು ರಂಗಮಂದಿರವನ್ನು ಕೈಯಾರೆ ಕಟ್ಟಿದರು. ಸರಕಾರ ನಾಟಕ ನಿಲ್ಲಿಸಿತು, ಗೂಗಿಯನ್ನು ಸೆರೆಗೆ ಹಾಕಿತು, 1982ರಲ್ಲಿ ಆ ರಂಗಮಂದಿರವನ್ನೇ ಕೆಡವಿಸಿತು. ಊರವರು ಸೇರಿ ಆಡುವ ನಾಟಕಕ್ಕೆ ಶಕ್ತಿಯಿಲ್ಲ ಎನ್ನುವವರಿಗೆ ಆ ಸರಕಾರದ ಹೆದರಿಕೆಯೇ ಉತ್ತರ.

ಈ ಪಂಥದ ಕೊರತೆಯೂ ಅಲ್ಲಿಂದಲೇ ತಿಳಿಯುತ್ತದೆ. ಕಮಿರಿಥುವಿನಲ್ಲಿ ನಾಟಕ ಊರಿನದಾಗಿತ್ತು. ನಮ್ಮ ಬಹುಪಾಲು ಜಾಥಾಗಳಲ್ಲಿ ನಾಟಕ ನಗರದಿಂದ ಬಂತು, ಆಡಿತು, ಹೊರಟುಹೋಯಿತು. ಈಗಂತೂ ಬೀದಿನಾಟಕ ಎಂದರೆ ಶೌಚಾಲಯ, ಲಸಿಕೆ, ಮತದಾನದ ಪ್ರಚಾರಕ್ಕೆ ಇಲಾಖೆಗಳು ಗುತ್ತಿಗೆ ಕೊಡುವ ಕೆಲಸವಾಗಿದೆ. ಪ್ರಶ್ನೆ ಕೇಳಲು ಹುಟ್ಟಿದ ರೂಪ ಸುತ್ತೋಲೆ ಓದುವ ರೂಪವಾದದ್ದು ನೋವಿನ ಸಂಗತಿ.

ಹೆಗ್ಗೋಡಿನ ದಾರಿ

ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಮೊದಲಿಗೆ ಊರಿನ ಹವ್ಯಾಸಿಗಳ ಕೂಟ. ಹೆಸರು ಊರ ದೇವರದು. ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಅದು ನೀನಾಸಂ ಆಗಿ ಬೆಳೆದ ರೀತಿ ಈ ಇಡೀ ಚರ್ಚೆಗೆ ಒಂದು ಬೇರೆಯೇ ತಿರುವು ಕೊಟ್ಟಿತು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’. ಅಡಿಕೆ ತೋಟದ ಊರಿನಲ್ಲಿ ಕುರಸಾವಾ, ಸತ್ಯಜಿತ್ ರಾಯ್ ಸಿನಿಮಾಗಳ ಪ್ರದರ್ಶನ, ಅಕ್ಷರ ಪ್ರಕಾಶನದ ಪುಸ್ತಕಗಳು, ಅಕ್ಟೋಬರಿನ ಸಂಸ್ಕೃತಿ ಶಿಬಿರ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಹೆಗ್ಗೋಡನ್ನು ಗಮನಿಸಿತು. ಅಷ್ಟರಲ್ಲಿ ಹೆಗ್ಗೋಡು ಜಗತ್ತನ್ನು ಗಮನಿಸುತ್ತ ನಾಲ್ಕು ದಶಕಗಳಾಗಿದ್ದವು.

ಸುಬ್ಬಣ್ಣನವರ ನಿಲುವು ಹಿಂದಿನ ಮೂರೂ ಪಂಥಗಳಿಗೆ ಪೂರ್ತಿ ಒಗ್ಗುವುದಿಲ್ಲ. ಹಳ್ಳಿ ಎಂದರೆ ಜಾನಪದ, ನಗರ ಎಂದರೆ ಆಧುನಿಕ ಎಂಬ ಹಂಚಿಕೆಯನ್ನು ಅವರು ಒಪ್ಪಲಿಲ್ಲ. ಶೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸ ಮಲೆನಾಡಿನ ರೈತನಿಗೂ ಸಲ್ಲಬೇಕು. ನೋಡಿದ ಮೇಲೆ ಅವನು ತನ್ನ ಮಾತಿನಲ್ಲಿ ವಾದ ಮಾಡಬೇಕು. ಆಟದಷ್ಟೇ ಆಟದ ಮಾರನೆಯ ಬೆಳಗಿನ ಮಾತುಕತೆ ಅವರಿಗೆ ಮುಖ್ಯವಾಗಿತ್ತು. ಸಿದ್ಧ ಉತ್ತರವನ್ನು ವೇದಿಕೆಯಿಂದ ಇಳಿಸುವ ಬದಲು, ಭಿನ್ನಮತವನ್ನು ಜಗಳವಾಗಿಸದೆ ಆಡಿ ತೀರಿಸುವ ಅಭ್ಯಾಸವನ್ನು ಊರಿಗೆ ಕೊಡುವುದು ಆ ದಾರಿ. ಉತ್ತರ ಕನ್ನಡದ ಸಿದ್ದಿ ಸಮುದಾಯದವರು ಚಿದಂಬರ ರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನರ ಕೆಂಪು ನೆರಳು’ ಆಡಿದ್ದನ್ನು ನೆನೆಯಿರಿ. ಆಫ್ರಿಕದ ಮೂಲದ, ಕನ್ನಡ ಕೊಂಕಣಿ ಮಾತಾಡುವ ಕಾಡಿನಂಚಿನ ಜನ ಆಫ್ರಿಕದ ಕಥೆಯನ್ನು ಕನ್ನಡದಲ್ಲಿ ತಮ್ಮದಾಗಿ ಮಾಡಿಕೊಂಡರು. ಆ ಸಮುದಾಯದಿಂದ ಮುಂದೆ ರಂಗಕ್ಕೂ ಸಿನಿಮಾಕ್ಕೂ ನಟರು ಬಂದರು.

ಟೀಕೆಗಳೂ ಬಂದವು. ಮಲೆನಾಡಿನ ಓದುಬರಹ ಬಲ್ಲ, ತೋಟದ ಆದಾಯವಿರುವ ಜನರಿದ್ದ ಕಡೆ ಆದದ್ದು ಹೈದರಾಬಾದ್ ಕರ್ನಾಟಕದ ಬರದ ಊರಲ್ಲಿ ಆದೀತೇ? ಫೋರ್ಡ್ ಫೌಂಡೇಶನ್ ನೆರವಿನ ‘ಜನಸ್ಪಂದನ’ ಯೋಜನೆಯ ಹಣದ ಮೂಲದ ಬಗ್ಗೆ ಆಗ ಬಿಸಿ ಚರ್ಚೆಯಾಯಿತು. ಸುಬ್ಬಣ್ಣ 2005ರಲ್ಲಿ ತೀರಿಕೊಂಡ ಮೇಲೂ ಸಂಸ್ಥೆ ನಡೆಯುತ್ತಿರುವುದು, ಇದು ಒಬ್ಬನ ವರ್ಚಸ್ಸಿನ ಮೇಲೆ ಮಾತ್ರ ನಿಂತದ್ದು ಎಂಬ ಟೀಕೆಗಾದರೂ ಉತ್ತರ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೊಂದು 1997ರಿಂದ ‘ಶಿವಸಂಚಾರ’ ತಂಡವನ್ನು ಊರೂರಿಗೆ ಕಳಿಸುತ್ತಿದೆ. ಪೋಷಕ ಬೇರೆ, ಪ್ರದೇಶ ಬೇರೆ. ತಿರುಗಾಟದ ಶಿಸ್ತು ಮಾತ್ರ ಅದೇ ಬಗೆಯದು. ಹಾಗಾಗಿ ಅಡಿಕೆಯಿಲ್ಲದೆ ರಂಗವಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಅಳತೆಗೋಲು ಹಿಡಿದವರು

ಸರಕಾರಗಳು ಹಣ ಕೊಡುವಾಗ ಫಲ ಕೇಳುತ್ತವೆ. ಬ್ರಿಟನ್ನಿನಲ್ಲಿ 1997ರಲ್ಲಿ ಫ್ರಾಂಸ್ವಾ ಮಟರಾಸೊ ಕಲೆಯಲ್ಲಿ ಪಾಲ್ಗೊಳ್ಳುವುದರ 50 ಸಾಮಾಜಿಕ ಪರಿಣಾಮಗಳನ್ನು ಪಟ್ಟಿ ಮಾಡಿದ ವರದಿ ಕೊಟ್ಟ. ಆತ್ಮವಿಶ್ವಾಸ, ಗೆಳೆತನ, ಆರೋಗ್ಯ, ನೆರೆಹೊರೆಯ ಸಹಕಾರ ಎಲ್ಲ ಅದರಲ್ಲಿದ್ದವು. 2002ರಲ್ಲಿ ಪಾವೊಲಾ ಮೆರ್ಲಿ ಆ ಅಧ್ಯಯನದ ವಿಧಾನವನ್ನೇ ತೀವ್ರವಾಗಿ ಪ್ರಶ್ನಿಸಿದಳು. ಭಾಗವಹಿಸಿದವರನ್ನು ಕೇಳಿದರೆ ಒಳ್ಳೆಯದಾಯಿತು ಎನ್ನುತ್ತಾರೆ, ಅದು ಪುರಾವೆಯಾಗುವುದಿಲ್ಲ. ಬಡತನದ ಕಾರಣಗಳನ್ನು ಮುಟ್ಟದೆ ಬಡವರಿಗೆ ಹಾಡು ಹೇಳಿಸುವುದು ಪರಿಹಾರವೂ ಆಗುವುದಿಲ್ಲ ಎಂಬುದು ಅವಳ ಆಕ್ಷೇಪ. ಅದೇ ವರ್ಷ ಅಮೆರಿಕದ ರಿಚರ್ಡ್ ಫ್ಲೋರಿಡಾ, ಕಲಾವಿದರು ನೆಲೆಸಿದ ನಗರಗಳು ಶ್ರೀಮಂತವಾಗುತ್ತವೆ ಎಂದು ಬರೆದು ನಗರಪಾಲಿಕೆಗಳ ಮೆಚ್ಚುಗೆ ಗಳಿಸಿದ. ನಮ್ಮ ಜಿಲ್ಲಾ ಉತ್ಸವಗಳ ಹಿಂದೆಯೂ ಇಂಥದೇ ಲೆಕ್ಕಾಚಾರವಿದೆ. ಈ ಪಂಥದಿಂದ ನಾವು ಕಲಿಯಬೇಕಾದದ್ದು ಒಂದೇ, ಹೇಳಿದ್ದಕ್ಕೆ ಆಧಾರ ಕೊಡು ಎಂಬ ಒತ್ತಾಯ. ಉಳಿದಂತೆ ಇದು ಕಲೆಯ ಬಗ್ಗೆ ಹೇಳುವುದು ಕಡಿಮೆ.

ಕರಾವಳಿಯ ಒಗಟು

ಕೂಡಿಸುವ ಕಲೆಯ ವಾದಕ್ಕೆ ದೊಡ್ಡ ಸವಾಲು ಎಲ್ಲಿಂದ ಬರುತ್ತದೆ ಎಂದರೆ ಕಲೆ ಅತಿ ಹೆಚ್ಚು ಜೀವಂತವಾಗಿರುವ ಕಡೆಯಿಂದಲೇ. ನವೆಂಬರಿನಿಂದ, ಮೇಳಗಳ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯವರೆಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಆಟವಿಲ್ಲದ ರಾತ್ರಿಯಿಲ್ಲ. ಕೋಲ, ನೇಮ, ಕಂಬಳ, ತಾಳಮದ್ದಳೆ ಬೇರೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಸ್ಥಳಕಥೆಯಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯಿದ್ದಾನೆ, ಆ ಕಥೆ ಯಕ್ಷಗಾನ ಪ್ರಸಂಗವೂ ಆಗಿದೆ. ಆದರೆ 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿಯ ಜಾಗ ಕೊಡಲಿಲ್ಲ. ಬಪ್ಪನಾಡಿನ ಜಾತ್ರೆಯಲ್ಲೂ ಅವರು ಬರಬಾರದೆಂಬ ಬ್ಯಾನರು ಎದ್ದಿತು. ಕಲೆ ಇಷ್ಟಿದ್ದರೂ ಇದನ್ನು ಏಕೆ ತಡೆಯಲಿಲ್ಲ?

ಅಮೆರಿಕದ ರಾಬರ್ಟ್ ಪುಟ್ನಮ್ 1993ರಲ್ಲಿ ಇಟಲಿಯ ಉತ್ತರ ಪ್ರಾಂತಗಳಲ್ಲಿ ಆಡಳಿತ ಚೆನ್ನಾಗಿರಲು ಅಲ್ಲಿನ ಗಾಯನ ಮಂಡಳಿಗಳು, ಆಟದ ಕ್ಲಬ್ಬುಗಳಂಥ ಸಂಘಗಳು ಕಾರಣ ಎಂದು ವಾದಿಸಿದ್ದ. 2000ದಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಎರಡು ಬಗೆಯ ನಂಟುಗಳನ್ನು ಬೇರೆ ಮಾಡಿದ: ತಮ್ಮವರನ್ನು ಇನ್ನಷ್ಟು ಬಿಗಿಯುವ ನಂಟು, ಬೇರೆಯವರ ಕಡೆಗೆ ದಾರಿ ತೆರೆಯುವ ನಂಟು. ಮೊದಲನೆಯದು ಹೆಚ್ಚಿದಾಗ ಎರಡನೆಯದು ತಾನಾಗಿ ಹೆಚ್ಚುವುದಿಲ್ಲ. ಅಶುತೋಷ್ ವಾರ್ಷ್ಣೇಯ 2002ರಲ್ಲಿ ಅಲೀಗಢ ಮತ್ತು ಕಲ್ಲಿಕೋಟೆಯಂಥ ಊರುಗಳನ್ನು ಜೋಡಿಯಾಗಿಟ್ಟು ನೋಡಿ ಇನ್ನೂ ಗಟ್ಟಿಯಾದ ಮಾತು ಹೇಳಿದರು. ಹಿಂದೂ ಮುಸ್ಲಿಮರು ಒಟ್ಟಿಗೆ ಸದಸ್ಯರಾಗಿರುವ ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯಗಳು ಇರುವ ನಗರದಲ್ಲಿ ವದಂತಿ ಗಲಭೆಯಾಗುವುದು ಕಷ್ಟ. ಹಬ್ಬಕ್ಕೆ ಸಿಹಿ ಹಂಚಿಕೊಳ್ಳುವ ನೆರೆಹೊರೆಯ ಒಡನಾಟ ಒಳ್ಳೆಯದೇ, ನಗರದಲ್ಲಿ ಅದೊಂದೇ ಸಾಲುವುದಿಲ್ಲ.

ಈ ಬೆಳಕಿನಲ್ಲಿ ಕರಾವಳಿಯ ಒಗಟು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಒಟ್ಟಿಗೆ ಆಟ ನೋಡುವುದು ಒಂದು, ಒಟ್ಟಿಗೆ ಆಟ ಆಡಿಸುವುದು ಇನ್ನೊಂದು. ರಂಗಸ್ಥಳದ ಮುಂದೆ ಎಲ್ಲರೂ ಕೂರಬಹುದು. ಸಮಿತಿಯಲ್ಲಿ ಯಾರಿದ್ದಾರೆ, ಚಂದಾ ಪುಸ್ತಕ ಯಾರ ಕೈಯಲ್ಲಿದೆ, ಪ್ರಸಂಗ ಯಾರು ಆರಿಸುತ್ತಾರೆ, ಅಂಗಡಿಯ ಜಾಗ ಯಾರು ಹಂಚುತ್ತಾರೆ ಎಂಬುದರಲ್ಲಿ ನಂಟಿನ ನಿಜವಾದ ಪರೀಕ್ಷೆಯಿದೆ. ಮೊಹರಂನ ಹಳ್ಳಿಯಲ್ಲಿ ಹಾಡುವವರು, ಪಂಜಾ ಹಿಡಿಯುವವರು, ಖರ್ಚು ಹೊರುವವರು ಹಲವು ಜಾತಿಯವರಾದ್ದರಿಂದ ಅಲ್ಲಿ ನಂಟು ಹೆಚ್ಚು ಬಾಳಿದೆ. ಕೊರಗರ ಡೋಲು ಚಾಕರಿಯಾದದ್ದೂ ಇಂದಿನ ತಮಟೆ ಹೆಮ್ಮೆಯಾದದ್ದೂ ಇದೇ ಕಾರಣಕ್ಕೆ: ಬಾರಿಸುವ ಅಥವಾ ಬಾರಿಸದಿರುವ ತೀರ್ಮಾನ ಯಾರದು ಎಂಬುದು ಬದಲಾಗಿತ್ತು. ಕಲೆ ಸಮುದಾಯಕ್ಕೆ ಏನು ಮಾಡುತ್ತದೆ ಎಂಬುದನ್ನು ಪ್ರದರ್ಶನದ ವಸ್ತುವಿಗಿಂತ ಅದರ ಸುತ್ತಲಿನ ಏರ್ಪಾಡು ಹೆಚ್ಚು ನಿರ್ಧರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಊರು ಬಿಟ್ಟು ಹೋದವರ ಉದಾಹರಣೆಯೂ ಇದನ್ನೇ ಹೇಳುತ್ತದೆ. ಮುಂಬಯಿಯಲ್ಲಿ 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಬೆಳೆದವು. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡಿಗರು ರಾತ್ರಿಶಾಲೆ ನಡೆಸಿದರು. ಅದೇ ಜನ ನಾಟಕ ಆಡಿದರು, ಮಳೆಗಾಲದಲ್ಲಿ ಊರಿನ ಮೇಳಗಳನ್ನು ಕರೆಸಿದರು. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ, ಮನೆ, ಬಡ ವಿದ್ಯಾರ್ಥಿಗಳಿಗೆ ಓದಿನ ನೆರವು ಕೊಡುವ ಸಂಸ್ಥೆಯಾಗಿ ಬೆಳೆಯಿತು. ಆಟಕ್ಕೆಂದು ಸೇರಿದವರು ಆಟದಾಚೆಗೂ ಒಬ್ಬರಿಗೊಬ್ಬರು ಒದಗಿಬಂದರು.

ಇನ್ನೂ ತೀರ್ಮಾನವಾಗದ್ದು

ಬಹಳಷ್ಟು ಉಳಿದಿದೆ. ಎಲ್ಲಕ್ಕಿಂತ ಮೊದಲನೆಯದು ಯಾವುದು ಕಾರಣ, ಯಾವುದು ಫಲ ಎಂಬ ಹಳೆಯ ತೊಡಕು. ಕಲೆಯಿಂದ ಊರು ಒಗ್ಗೂಡುತ್ತದೆಯೇ, ಒಗ್ಗೂಡಿದ ಊರಿನಲ್ಲೇ ಕಲೆ ನಿಲ್ಲುತ್ತದೆಯೇ? ಪುಟ್ನಮ್‌ನ ಇಟಲಿಯ ಬಗ್ಗೆಯೂ ಈ ಆಕ್ಷೇಪ ಬಂದಿದೆ, ಹೆಗ್ಗೋಡಿಗೂ ಅದು ಅನ್ವಯಿಸುತ್ತದೆ.

ರೂಪ ಬದಲಾದರೆ ನಂಟೂ ಬದಲಾಗುತ್ತದೆಯೇ ಎಂಬುದು ಇನ್ನೊಂದು. ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮ, ಜನರ ಬದಲಾದ ದಿನಚರಿ ಸೇರಿ ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಯ ಆಟವಾಗುತ್ತಿದೆ. ಹೆಂಗಸರು, ಮಕ್ಕಳು ಹೆಚ್ಚು ಬರುತ್ತಾರೆ ಎನ್ನುವವರಿದ್ದಾರೆ. ವೇಷ ಕಟ್ಟುವ ಚೌಕಿಯ ಬಳಿಯ ಮಾತು, ನಡುರಾತ್ರಿಯ ಚಹಾ, ಬೆಳಗಿನ ಮಂಗಳದವರೆಗೆ ಕೂತವರ ಬಾಂಧವ್ಯ ಹೋಯಿತು ಎನ್ನುವವರೂ ಇದ್ದಾರೆ. ಇಬ್ಬರೂ ಸರಿಯಿರಬಹುದು. 2020ರ ಲಾಕ್‌ಡೌನಿನಲ್ಲಿ ಮೇಳಗಳ ತಿರುಗಾಟ ಪತ್ತನಾಜೆಗೆ ಮುಂಚೆಯೇ ನಿಂತಾಗ ಆಟ ಯೂಟ್ಯೂಬಿಗೆ ಹೋಯಿತು. ನೋಡುಗರು ಹೆಚ್ಚಿದರು, ಆದರೆ ಪರದೆಯ ಮುಂದೆ ಒಬ್ಬೊಬ್ಬರೇ ಕೂತವರು ಸಮುದಾಯವೇ ಎಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರವಿಲ್ಲ.

ಅವಮಾನದ ನೆನಪಿರುವ ಕಲೆಯನ್ನು ಉಳಿಸಿಕೊಳ್ಳಬೇಕೇ ಎಂಬುದನ್ನು ಹೊರಗಿನವರು ತೀರ್ಮಾನಿಸುವಂತಿಲ್ಲ. ಆಯಾ ಸಮುದಾಯದ ಒಳಗೂ ಒಮ್ಮತವಿಲ್ಲ. ಹಣ ಯಾರು ಕೊಡಬೇಕು ಎಂಬುದೂ ಹಾಗೆಯೇ. ದೇವಸ್ಥಾನ ಕೊಟ್ಟರೆ ಭಕ್ತಿಯ ಷರತ್ತು, ಸರಕಾರ ಕೊಟ್ಟರೆ ಆಡಳಿತ ಪಕ್ಷದ ನೆರಳು, ಕಂಪನಿ ಕೊಟ್ಟರೆ ಬ್ಯಾನರು. ಪಾತ್ರಧಾರಿಯೇ ಕೊಟ್ಟರೆ ಬಡವನಿಗೆ ಕೃಷ್ಣನ ಪಾತ್ರ ಸಿಗುವುದಿಲ್ಲ.

ಈ ಪ್ರಶ್ನೆಗಳು ಹೀಗೆ ನಿಂತಿರಲು ಒಂದು ಕಾರಣ, ಪದ್ಯಗಳನ್ನೂ ಕುಣಿತಗಳನ್ನೂ ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ನಾವು ಅವುಗಳ ಹಿಂದಿನ ಏರ್ಪಾಡನ್ನು ದಾಖಲಿಸಲಿಲ್ಲ. ನಿಮ್ಮ ಊರಿನ ನಾಟಕ ಸಂಘ, ಭಜನಾ ಮಂಡಳಿ, ಉತ್ಸವ ಸಮಿತಿಗಳ ಹಳೆಯ ಚಂದಾ ಪುಸ್ತಕ, ಸಭೆಯ ನಡಾವಳಿ, ಹ್ಯಾಂಡ್‌ಬಿಲ್ಲುಗಳು ಯಾರದೋ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರಬಹುದು. ದಯವಿಟ್ಟು ಅವನ್ನು ಇಳಿಸಿ, ಒಂದು ಪ್ರತಿ ಮಾಡಿಸಿ, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಯಾರು ಕೊಟ್ಟರು, ಯಾರು ಆಡಿದರು, ಯಾರನ್ನು ಕರೆಯಲಿಲ್ಲ ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ.